ಚೀನಾಕ್ಕೆ ಸಂಸಾರ ಸಮೇತ ಹೊರಟಿರೋರಿಗೆ

ಗಂಡನಿಗೆ ಶಾಂಘೈ, ಸುಝೌ ಕಡೆ ಕೆಲಸ ಆಗಿದೆ ಅಂದ ತಕ್ಷಣ ಹೆಣ್ಮಕ್ಕಳು ಕೇಳೋದೇ ಎಷ್ಟು ಕೆಜಿ ತೊಗರಿಬೇಳೆ ಕಟ್ಕೊಬೇಕು ಆಂಟಿ ಅಂತ. ಬೇಳೆ ಆಮೇಲೆ ಕಣಮ್ಮ, ಮೊದ್ಲು ಕಾಗದಪತ್ರ ನೋಡ್ಕೊಳ್ಳಿ. ಮದ್ವೆ ಸರ್ಟಿಫಿಕೇಟು, ಮಕ್ಕಳ ಬರ್ತ್ ಸರ್ಟಿಫಿಕೇಟು ಇಲ್ಲೇ ಅಟೆಸ್ಟ್ ಮಾಡಿಸ್ಕೊಂಡು ಹೊರಡಿ. ಬಾಡಿಗೆ ಮನೆಗೆ ಹೋದ 24 ಗಂಟೆ ಒಳಗೆ ಆ ಏರಿಯಾ ಪೊಲೀಸ್ ಹತ್ರ ಕೈಕೂಸಿನಿಂದ ಹಿಡಿದು ಎಲ್ಲರ ಹೆಸರೂ ರಿಜಿಸ್ಟರ್ ಆಗ್ಬೇಕು, ಆ ಚೀಟಿ ಜೋಪಾನ, ಚೀನಾಕ್ಕೆ ಕಾಲಿಟ್ಟ 30 ದಿನದೊಳಗೆ ರೆಸಿಡೆನ್ಸ್ ಪರ್ಮಿಟ್‌ಗೆ, ಅಂದ್ರೆ ಅಲ್ಲಿ ಉಳ್ಕೊಳ್ಳೋ ಅನುಮತಿಗೆ, ಅರ್ಜಿ ಹಾಕುವಾಗ ಕೇಳ್ತಾರೆ. ಮನೆ ಬದಲಾಯಿಸಿದ್ರೆ ಮತ್ತೆ ಮಾಡಿಸ್ಬೇಕು.

ಅಲ್ಲಿ ವಾಟ್ಸಾಪ್, ಗೂಗಲ್ ಬ್ಲಾಕ್, ಇಲ್ಲಿ ಅವರ ಮೆಸೇಜ್ ಆ್ಯಪ್ ವೀಚಾಟ್ 2020ರಿಂದ ಬ್ಯಾನ್, ಅದಕ್ಕೇ ಊರಿನ ಸಿಮ್‌ಗೆ ರೋಮಿಂಗ್ ಹಾಕಿಸ್ಕೊಂಡೇ ಹೋಗಿ, ಅದ್ರಲ್ಲಿ ವಾಟ್ಸಾಪ್ ನಡಿಯುತ್ತೆ, ಬ್ಯಾಂಕ್ ಓಟಿಪಿನೂ ಬರುತ್ತೆ. ತರಕಾರಿಯವಳೂ ಕ್ಯೂಆರ್ ಕೋಡೇ ತೋರ್ಸೋದು, ಹಾಗಾಗಿ ಅಲ್ಲಿ ದುಡ್ಡು ಕೊಡೋ ಆ್ಯಪ್ ಅಲಿಪೇಗೆ ಪಾಸ್‌ಪೋರ್ಟು, ಕಾರ್ಡು ಸೇರಿಸೋದನ್ನ ವಿಮಾನ ಹತ್ತೋ ಮುಂಚೆನೇ ಮುಗಿಸ್ಕೊಳ್ಳಿ.

ಈಗ ಅಡುಗೆಮನೆ. ಗಸಗಸೆ ಮಾತ್ರ ಬ್ಯಾಗಿಗೆ ಹಾಕ್ಲೇಬೇಡಿ, ಅಫೀಮು ಗಿಡದ ಬೀಜ ಅಂತ ಅಲ್ಲಿ ಅದನ್ನ ಮಾರೋಕೇ ಬಿಡಲ್ಲ. ಬೆಣ್ಣೆ, ಹಸಿ ಕರಿಬೇವು, ಹಣ್ಣು ಇವೂ ಬೇಡ. ತುಪ್ಪಕ್ಕೆ ಅಲ್ಲೇ ಉಪ್ಪಿಲ್ಲದ ನ್ಯೂಜಿಲೆಂಡ್ ಬೆಣ್ಣೆ ಸಿಗುತ್ತೆ, ದಪ್ಪ ತಳದ ಪಾತ್ರೇಲಿ ಸಣ್ಣ ಉರಿ ಮೇಲೆ ಇಟ್ಟು, ಚಟಪಟ ಸದ್ದು ನಿಂತು ತಳದ ಗಸಿ ಕೆಂಪಗಾದ ಕೂಡ್ಲೇ ಇಳಿಸಿ ಸೋಸಿ, ಘಮ್ಮಂತ ಇರುತ್ತೆ. ಹಾಗಲಕಾಯಿ, ಹೀರೆಕಾಯಿ, ಬೂದುಗುಂಬಳ, ದಂಟಿನ ಸೊಪ್ಪು ಎಲ್ಲ ಅಲ್ಲಿನ ಸಂತೆ ಮಾರ್ಕೆಟ್ಟಲ್ಲೇ ಸಿಗುತ್ತೆ. ತೊಗರಿಬೇಳೆ, ಇಂಗು, ಸಾಸಿವೆ ಅಲ್ಲಿನ ಆನ್‌ಲೈನ್ ಅಂಗಡಿ ಟಾವೊಬಾವೊದಲ್ಲಿ ಹುಡುಕಿದ್ರೆ ಮನೆಬಾಗಿಲಿಗೇ ಬರುತ್ತೆ, ಅದಕ್ಕೇ ತಿಂಗಳಿಗಾಗೋಷ್ಟು ಒಯ್ದರೆ ಸಾಕು, ಉಳಿದ ತೂಕಕ್ಕೆ ಹುಳಿಪುಡಿ, ಸಾರಿನಪುಡಿ, ಮಿಕ್ಸಿ ಹಾಕ್ಕೊಳ್ಳಿ. ಕರೆಂಟು 220 ವೋಲ್ಟೇ, ಪ್ಲಗ್ ಮಾತ್ರ ಕೂರಲ್ಲ, ಅಡಾಪ್ಟರ್ ಬೇಕು. ಗುಂಡಕ್ಕಿ ಅನ್ನ ಅಂಟಂಟು ಅಂತ ಮೂಗು ಮುರಿಬೇಡಿ, ಮೊಸರನ್ನಕ್ಕೆ ಅದರಷ್ಟು ಚೆನ್ನಾಗಿರೋದು ಬೇರೆ ಇಲ್ಲ! ಅಂಗಡಿ ಮೊಸರು ಬಹುಪಾಲು ಸಿಹಿ, ಹಾಗಾಗಿ ಫೋನ್ ಕ್ಯಾಮೆರಾದಲ್ಲಿ ಲೇಬಲ್ ಓದಿಸಿ ಸಕ್ಕರೆ ಇಲ್ಲದ್ದು ಒಂದು ಡಬ್ಬಿ ತಂದು ಹೆಪ್ಪು ಹಾಕ್ಕೊಳ್ಳಿ. ಸಸ್ಯಾಹಾರಿಗಳು ಹೋಟೆಲಲ್ಲಿ ಹುಷಾರು, ಬರೀ ಸೊಪ್ಪಿನ ಪಲ್ಯಕ್ಕೂ ಹಂದಿ ಕೊಬ್ಬು, ಚಿಕನ್ ಪುಡಿ ಹಾಕೋದುಂಟು, ಎರಡೂ ಬೇಡ ಅಂತ ಚೀನೀ ಭಾಷೇಲಿ ಬರೆಸಿದ ಚೀಟಿ ತೋರಿಸಿ. ನಲ್ಲಿ ನೀರು ಕುದಿಸದೆ ಮಕ್ಕಳಿಗೆ ಕೊಡ್ಲೇಬೇಡಿ.

ಚಳಿ ಬಗ್ಗೆ ಹೇಳ್ಲೇಬೇಕು. ಬೀಜಿಂಗಲ್ಲಿ ನವೆಂಬರ್ 15ರಿಂದ ಮಾರ್ಚ್ 15ರವರೆಗೆ ಊರಿಗೂರೇ ಬಿಸಿ ಮಾಡೋ ವ್ಯವಸ್ಥೆ ಇದೆ, ಶಾಂಘೈ ಕಡೆ ಅದಿಲ್ಲ, ತೇವದ ಚಳಿ ಮನೆಯೊಳಗೇ ಮೂಳೆಗಿಳಿಯುತ್ತೆ. ಮನೆ ನೋಡುವಾಗಲೇ ನೆಲದಡಿ ಹೀಟಿಂಗ್ ಇದ್ಯಾ ಕೇಳಿ, ವಯಸ್ಸಾದ ಅತ್ತೆಮಾವ ಬರೋರಿದ್ರೆ ಬಾಡಿಗೆ ಸ್ವಲ್ಪ ಜಾಸ್ತಿ ಆದ್ರೂ ಅಂಥದ್ದೇ ಹಿಡೀರಿ. ದೋಸೆ ಹಿಟ್ಟು ಹುದುಗ್ಬೇಕಂದ್ರೆ ಓವನ್‌ನಲ್ಲಿ ಬರೀ ಲೈಟ್ ಹಾಕಿ ರಾತ್ರಿ ಒಳಗಿಡಿ. ಜೂನ್ ಜುಲೈ ಮಳೆಗೆ ಬಟ್ಟೆ ಬೀರು ಬೂಸ್ಟು ಹಿಡಿಯುತ್ತೆ, ತೇವ ಎಳೆಯೋ ಮೆಷಿನ್ ಒಂದು ತಗೊಳ್ಳಿ.

ಚೀನೀ ಹೊಸವರ್ಷ ಜನವರಿ ಕೊನೆ ಇಲ್ಲಾ ಫೆಬ್ರವರಿಲಿ ಬರುತ್ತೆ, ಆಗ ಎಲ್ಲ ಊರಿಗೆ ಹೊರಟ್ಬಿಡ್ತಾರೆ, ಸಣ್ಣ ಅಂಗಡಿ ಮುಚ್ಚಿರುತ್ತೆ, ಕೊರಿಯರ್ ನಿಧಾನ. ಒಂದು ವಾರದ ದಿನಸಿ, ಮಕ್ಕಳ ಔಷಧಿ ಮುಂಚೆನೇ ತಂದಿಟ್ಕೊಳ್ಳಿ, ಫ್ರಿಜ್ ಮೇಲೆ ಆಂಬುಲೆನ್ಸಿನ 120, ಪೊಲೀಸಿನ 110 ಬರೆದು ಅಂಟಿಸಿ, ಪಕ್ಕದಲ್ಲೇ ಮನೆ ವಿಳಾಸ ಚೀನೀ ಅಕ್ಷರದಲ್ಲಿ ಇರ್ಲಿ.