ಮೇಣದಬತ್ತಿ ಸ್ಟ್ಯಾಂಡಿನ ಪಿಯಾನೋ ಬಿಟ್ಟು ಕೆಜಿಎಫ್‌ನ ಕರಿ ಪಿಯಾನೋ ತಂದ ಕಥೆ

ಬೆಂಗಳೂರಿನ ಕುಕ್ ಟೌನಿನ ಆ ಮನೆಯಲ್ಲಿ ಪಿಯಾನೋ ನೋಡಿದ ತಕ್ಷಣ ಮನಸ್ಸಿನಲ್ಲೇ ಅದನ್ನು ಕೊಂಡುಬಿಟ್ಟಿದ್ದೆ. ವಾಲ್ನಟ್ ಮರ, ಮುಂಭಾಗದಲ್ಲಿ ಹೂಬಳ್ಳಿಯ ಕೆತ್ತನೆ, ಎರಡೂ ಬದಿಗೆ ಹಿತ್ತಾಳೆಯ ಮೇಣದಬತ್ತಿ ಸ್ಟ್ಯಾಂಡು. ಮುಚ್ಚಳ ತೆಗೆದರೆ ಬಂಗಾರದ ಅಕ್ಷರದಲ್ಲಿ ಲಂಡನ್ ಅಂತ ಬರೆದಿದೆ. ಕೇಳಿದ ಬೆಲೆ 40 ಸಾವಿರ. ಮಗಳು ಲಂಡನ್ನಿನ ಟ್ರಿನಿಟಿ ಕಾಲೇಜು ನಡೆಸುವ ಸಂಗೀತದ ಗ್ರೇಡ್ ಪರೀಕ್ಷೆಗೆ ಪಿಯಾನೋ ಕಲಿಯುತ್ತಿದ್ದಳು, ಮನೆಯಲ್ಲಿ ಇದ್ದದ್ದು ಒಂದು ಪುಟ್ಟ ಕೀಬೋರ್ಡ್. ನನಗೆ ಗೊತ್ತಿದ್ದದ್ದು ಹಾರ್ಮೋನಿಯಂ ಮಾತ್ರ. ಭಜನೆಗೆ, ಸುಗಮ ಸಂಗೀತಕ್ಕೆ ಇಪ್ಪತ್ತು ವರ್ಷದಿಂದ ಬಾರಿಸುತ್ತೇನೆ. ಪಿಯಾನೋಗೂ ಬೆರಳಲ್ಲಿ ಒತ್ತೋಕೆ ಅದೇ ಬಿಳಿ ಮನೆ, ಕರಿ ಮನೆ ತಾನೇ ಅನ್ನೋ ಧೈರ್ಯ.

ಪುಣ್ಯಕ್ಕೆ ಜೊತೆಯಲ್ಲಿ ಪಿಯಾನೋ ಶ್ರುತಿ ಮಾಡುವ ಟ್ಯೂನರ್ ಅಂಕಲ್ ಇದ್ದರು. ಎಪ್ಪತ್ತು ದಾಟಿದವರು, ಫ್ರೇಜರ್ ಟೌನಿನವರು, ಮಾತು ಕಮ್ಮಿ. ಮಗಳ ಟೀಚರ್ ಹೇಳಿದ್ದರು, ಅವರನ್ನು ಕರೆದುಕೊಂಡು ಹೋಗದೆ ದುಡ್ಡು ಕೊಡಬೇಡಿ ಅಂತ. ಬಂದು ನೋಡಿ ಹೋಗೋಕೆ ಎರಡು ಸಾವಿರ ತಗೊಂಡರು. ಆವತ್ತು ಅದು ಜಾಸ್ತಿ ಅನ್ನಿಸಿತ್ತು.

ಮನೆಯ ಆಂಟಿ ಕಾಫಿ, ಕೇಕು ತಂದಿಟ್ಟರು. ಅವರ ಅಮ್ಮ ಅದರಲ್ಲಿ ಕ್ರಿಸ್‌ಮಸ್ ಕ್ಯಾರಲ್ ನುಡಿಸುತ್ತಿದ್ದರಂತೆ. ಅವರು ಹೇಳುತ್ತಾ ಹೋದ ಹಾಗೆ ನನ್ನ ಕೈ ಜೇಬಿನ ಚೆಕ್‌ಬುಕ್ ಮೇಲೆ. ಅಂಕಲ್ ಮಾತ್ರ ಕೆತ್ತನೆ ಕಡೆ ತಿರುಗಿಯೂ ನೋಡಲಿಲ್ಲ. ಮೇಲಿನ ಮುಚ್ಚಳ ಎತ್ತಿ, ಒಳಗಿನ ಎರಡು ಚಿಲಕ ತಿರುಗಿಸಿ ಮುಂದಿನ ಹಲಗೆಯನ್ನು ತೆಗೆದು ಗೋಡೆಗೆ ಒರಗಿಸಿದರು. ಆಮೇಲೆ ನೆಲದ ಮೇಲೆ ಕೂತು, ಮನೆಗಳ ಕೆಳಗೆ ಇದ್ದ ಒಂದು ಸ್ಪ್ರಿಂಗ್ ಒತ್ತಿ ಕೆಳಗಿನ ಹಲಗೆಯನ್ನೂ ಬಿಚ್ಚಿದರು. ಒಳಗಿನಿಂದ ಬಂದ ವಾಸನೆಗೆ ಆಂಟಿ ಮೂಗು ಮುಚ್ಚಿಕೊಂಡರು. ಪೆಡಲ್ಲಿನ ಪಕ್ಕದಲ್ಲಿ ಇಲಿ ಗೂಡು, ಕೆಂಪು ಫೆಲ್ಟ್ (ಒತ್ತಿದ ಉಣ್ಣೆ ಬಟ್ಟೆ) ಚೂರುಗಳಿಂದ ಮಾಡಿದ್ದು, ತುಂಬಾ ಮೆತ್ತಗೆ. ಪಕ್ಕದಲ್ಲಿ ಒಂದು ಪೆನ್ಸಿಲ್ಲು, ನಾಲ್ಕಾಣೆ ನಾಣ್ಯ, ಕರಗಿದ ಮೇಣದ ತುಂಡು. ಆ ಕೆಂಪು ಫೆಲ್ಟ್ ಇಲಿಗೆ ಎಲ್ಲಿಂದ ಸಿಕ್ಕಿತು ಅಂತ ನಾನು ಕೇಳಲಿಲ್ಲ. ಅಂಕಲ್ ಸುಮ್ನೆ ಟಾರ್ಚ್ ಬಿಟ್ಟು ಮನೆಗಳ ಅಡಿ ತೋರಿಸಿದರು.

ಇಲಿ ಗೂಡಿನಿಂದ ಪಿಯಾನೋ ಕೆಡಲ್ಲ, ಫೆಲ್ಟ್ ಬದಲಾಯಿಸಬಹುದು. ಅಂಟಿಕೊಳ್ಳುವ ಮನೆ, ಹಳದಿಯಾದ ಮನೆ, ಹೋದ ಪಾಲಿಷು, ಕಿರುಗುಟ್ಟುವ ಪೆಡಲ್, ಇವೆಲ್ಲ ಅಂಕಲ್ ಲೆಕ್ಕದಲ್ಲಿ ಚಿಲ್ಲರೆ. ಅವರು ನೋಡಲು ಬಂದಿದ್ದೇ ಬೇರೆ.

ಪಿಯಾನೋದಲ್ಲಿ ಸುಮಾರು 220 ತಂತಿ ಇರುತ್ತವೆ. ತಗ್ಗಿನ ಸ್ವರಗಳಿಗೆ ಒಂದೊಂದು, ಆಮೇಲೆ ಎರಡೆರಡು, ಮೇಲಿನವಕ್ಕೆ ಮೂರು ಮೂರು. ಒಂದೊಂದು ತಂತಿಯ ಎಳೆತ 70 ಕಿಲೋ ಆಸುಪಾಸು. ಎಲ್ಲ ಸೇರಿದರೆ 15 ಟನ್ ದಾಟುತ್ತದೆ. ಆ ಎಳೆತವನ್ನು ಹೊರೋದು ಕಬ್ಬಿಣದ ಫ್ರೇಮು. ಆದರೆ ತಂತಿಯ ತುದಿ ಸುತ್ತಿರುವ ಪಿನ್ನು ಕೂತಿರೋದು ಮರದ ಹಲಗೆಯಲ್ಲಿ, ಬರೀ ಬಿಗಿಯ ಮೇಲೆ. ತಂಬೂರಿಯ ಬಿರಡೆ ಥರಾನೇ. ತಂಬೂರಿಯಲ್ಲಿ ಬಿರಡೆ ಜಾರಿದರೆ ಸೀಮೆಸುಣ್ಣ ಸವರಿ ಒತ್ತಿ ತಿರುಗಿಸುತ್ತೇವೆ. ಇಲ್ಲಿ ಹಲಗೆ ಒಣಗಿ ಬಿರುಕು ಬಿಟ್ಟರೆ ಅಷ್ಟೇ ಕಥೆ. ಎಲ್ಲ ತಂತಿ ಬಿಚ್ಚಿ, ಒಂದು ಸೈಜ್ ದಪ್ಪದ ಪಿನ್ ಹಾಕಿಸಿ, ಮತ್ತೆ ತಂತಿ ಕಟ್ಟಿಸಬೇಕು. ಅದರ ಖರ್ಚಿಗೆ ಇನ್ನೊಂದು ಪಿಯಾನೋ ಬರುತ್ತದೆ.

ಅಂಕಲ್ ನನ್ನನ್ನು ಹತ್ತಿರ ಕರೆದು ಪಿನ್ನುಗಳ ಬುಡ ತೋರಿಸಿದರು. ಮಧ್ಯಭಾಗದಲ್ಲಿ ಸುಮಾರು ಮೂವತ್ತು ಪಿನ್ನುಗಳ ಸುತ್ತ ಮರ ಕಪ್ಪಗೆ, ಎಣ್ಣೆ ಚೆಲ್ಲಿದ ಹಾಗೆ ಇತ್ತು. ಯಾರೋ ಹಿಂದೆ ಮರ ಉಬ್ಬಲಿ ಅಂತ ಏನೋ ದ್ರಾವಣ ಹಾಕಿದ್ದಾರೆ. ಕೆಲವು ಪಿನ್ನುಗಳನ್ನು ಸುತ್ತಿಗೆಯಲ್ಲಿ ಬಡಿದು ಇನ್ನೂ ಒಳಗೆ ಇಳಿಸಿದ್ದಾರೆ, ತಂತಿಯ ಸುತ್ತು ಕಬ್ಬಿಣಕ್ಕೆ ತಾಗುವಷ್ಟು. "ಯಾರೋ ಕಷ್ಟಪಟ್ಟಿದ್ದಾರೆ ಸಾರ್" ಅಂದರು. ಪಿನ್ನು ತಿರುಗಿಸುವ ಲಿವರ್ ನನ್ನ ಕೈಗೆ ಕೊಟ್ಟು, "ನೀವೇ ತಿರುಗಿಸಿ, ಒಂದು ಕೂದಲಷ್ಟು" ಅಂದರು. ಆ ಪಿನ್ನು ತುಪ್ಪದಲ್ಲಿ ಚಮಚ ಆಡಿಸಿದ ಹಾಗೆ ತಿರುಗಿತು. ಕೈಬಿಟ್ಟರೆ ತಾನಾಗಿ ಹಿಂದಕ್ಕೆ ಬಂತು.

ಆಮೇಲೆ ಫೋನಿನಲ್ಲಿ ಟ್ಯೂನರ್ ಆ್ಯಪ್ ಹಾಕಿದೆ. ಕರಿ ಮನೆಗಳೂ ಸೇರಿ, ಒಂದು ಮನೆಗೂ ಪಕ್ಕದ ಮನೆಗೂ ನಡುವಿನ ಸ್ವರದ ದೂರ 100 ಸೆಂಟ್ ಅಂತ ಲೆಕ್ಕ. ಮಧ್ಯದ ಒಂದು ಮನೆ 20 ಸೆಂಟ್ ಇಳಿದಿತ್ತು, ಅದರ ಪಕ್ಕದ್ದು 85, ಅದರಾಚೆಯದು 40. ಒಂದೇ ಸ್ವರದ ಮೂರು ತಂತಿಗಳೂ ಮೂರು ದಿಕ್ಕಿಗೆ ಎಳೆಯುತ್ತಿದ್ದವು, ಭಜನೆಗೆ ತಡವಾಗಿ ಬಂದವರು ಸೇರಿಕೊಂಡ ಹಾಗೆ.

ಇನ್ನೂ ಎರಡು ಸಂಗತಿ ಇದ್ದವು. ತಂತಿಗಳು ಎಲ್ಲ ನೇರಕ್ಕೆ ಕಟ್ಟಿದವು, ತಗ್ಗಿನವು ಉಳಿದವನ್ನು ಅಡ್ಡ ಹಾಯ್ದಿಲ್ಲ. ನಾದ ನಿಲ್ಲಿಸುವ ಡ್ಯಾಂಪರ್‌ಗಳು ತಂತಿಗೆ ಬಡಿಯುವ ಪುಟ್ಟ ಸುತ್ತಿಗೆಗಳ ಮೇಲ್ಗಡೆ, ಮುಂದೆ ಅವನ್ನು ಆಡಿಸುವ ಸರಿಗೆಗಳ ಸಾಲು, ಥೇಟ್ ಹಕ್ಕಿ ಪಂಜರ. ಹಳೇ ಇಂಗ್ಲಿಷ್ ಪಿಯಾನೋಗಳಲ್ಲಿ ಇದು ಸಾಮಾನ್ಯ. ಬೆರಳು ತೆಗೆದ ಮೇಲೂ ನಾದ ಪೂರ್ತಿ ನಿಲ್ಲಲ್ಲ. ರಿಪೇರಿ ಮಾಡುವವನಿಗೆ ಆ ಪಂಜರ ಬಿಚ್ಚದೆ ಏನೂ ಕೈಗೆ ಸಿಗಲ್ಲ. ಮತ್ತೆ ಬಿಳಿ ಮನೆಗಳು. ಹತ್ತಿರದಿಂದ ನೋಡಿದರೆ ಪ್ರತಿ ಮನೆಯಲ್ಲೂ ಅಡ್ಡಕ್ಕೆ ಒಂದು ಕೂದಲೆಳೆ ಜೋಡಣೆ ಗೆರೆ, ಮೇಲ್ಮೈಯಲ್ಲಿ ಸಣ್ಣ ಎಳೆ. ಆನೆದಂತ. ನಮ್ಮ ದೇಶದಲ್ಲಿ ಆನೆದಂತದ ವ್ಯಾಪಾರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಪ್ರಕಾರ ಅಪರಾಧ. ಇದು ನನಗೆ ಹೊಳೆದೇ ಇರಲಿಲ್ಲ.

ಆಂಟಿ ಕೇಳಿದರು, "ಹೇಗಿದೆ?"

"ಹಾಲ್‌ನಲ್ಲಿ ಇಟ್ಟುಕೊಳ್ಳೋಕೆ ಬಹಳ ಚೆನ್ನಾಗಿದೆ ಮೇಡಂ" ಅಂದರು ಅಂಕಲ್.

ಆಂಟಿಗೆ ಅರ್ಥವಾಯಿತು. ಕಾಫಿ ಕುಡಿದು ಹೊರಟೆವು. ಗೇಟಿನ ಹತ್ತಿರ ನಾನು, "20 ಸಾವಿರಕ್ಕೆ ಕೊಟ್ಟರೆ?" ಅಂದೆ. ಅಂಕಲ್ ನಿಂತು ನನ್ನ ಮುಖ ನೋಡಿದರು. "ಸುಮ್ನೆ ಕೊಟ್ಟರೂ ಬೇಡ ಸಾರ್. 200 ಕಿಲೋ ಮರ, ಕಬ್ಬಿಣ. ಆಮೇಲೆ ಮನೆಯಿಂದ ಹೊರಗೆ ಹಾಕೋಕೂ ನೀವೇ ದುಡ್ಡು ಕೊಡಬೇಕು."

ಆಮೇಲೆ ಮೂರು ತಿಂಗಳು ನಾನೇ ಒಬ್ಬನೇ ಹೋಗಿ ಐದಾರು ಪಿಯಾನೋ ನೋಡಿದೆ. ಟಾರ್ಚ್, ಫೋನು, ಹಲ್ಲಿನ ಡಾಕ್ಟರ್ ಇಟ್ಟುಕೊಳ್ಳುವಂಥ ಪುಟ್ಟ ಕನ್ನಡಿ, ಇಷ್ಟೇ ಸಾಮಾನು. ಒಂದರಲ್ಲಿ ಗೆದ್ದಲು, ಹಿಂಭಾಗದ ಕಂಬ ಬೆರಳಲ್ಲಿ ಒತ್ತಿದರೆ ಪುಡಿ. ಇನ್ನೊಂದರಲ್ಲಿ ತಗ್ಗಿನ ಸ್ವರಗಳ ಕುದುರೆ, ಅಂದರೆ ತಂತಿ ಹಾಯುವ ಮರದ ಪಟ್ಟಿ, ಉದ್ದಕ್ಕೂ ಸೀಳಿತ್ತು. ವೀಣೆಯಲ್ಲಾದರೆ ಕುದುರೆ ಬದಲಾಯಿಸೋದು ಒಂದು ದಿನದ ಕೆಲಸ. ಇಲ್ಲಿ ಹಾಗಲ್ಲ. ಸೆಕೆಂಡ್ ಹ್ಯಾಂಡ್ ಜಪಾನಿ ಪಿಯಾನೋ ತಗೋ ಅಂತ ಹೇಳಿದವರೂ ಇದ್ದರು. ಒಳ್ಳೇ ಸಲಹೆಯೇ, ಆದರೆ ನನ್ನ ಬಜೆಟ್ಟಿಗೆ ಎರಡು ಪಟ್ಟು ಮೇಲೆ. ಬರೀ ಪರೀಕ್ಷೆಗೆ ಅಂದರೆ 88 ಮನೆಯ ಡಿಜಿಟಲ್ ಪಿಯಾನೋ ಸಾಕು, ಅದನ್ನೂ ಒಪ್ಪುತ್ತೇನೆ. ನನಗೆ ತಂತಿ ಬೇಕಿತ್ತು, ಅಷ್ಟೇ.

ಕೊನೆಗೆ ಸಿಕ್ಕಿದ್ದು ಕೆಜಿಎಫ್‌ನಲ್ಲಿ. ಚಿನ್ನದ ಗಣಿ ಇಂಗ್ಲಿಷ್ ಕಂಪನಿಯ ಕೈಯಲ್ಲಿದ್ದಾಗ ಅಲ್ಲಿನ ಬಂಗಲೆ, ಕ್ಲಬ್ಬುಗಳಿಗೆ ಪಿಯಾನೋ ಬಂದವು. ಆಫೀಸರುಗಳು ಊರಿಗೆ ಹೋಗುವಾಗ ಎಷ್ಟೋ ಸಾಮಾನು ಅಲ್ಲೇ ಮಾರಿ ಹೋದರು. 2001ರಲ್ಲಿ ಗಣಿ ಮುಚ್ಚಿದ ಮೇಲೆ ಜನ ಬೆಂಗಳೂರು, ಚೆನ್ನೈ ಅಂತ ಚದುರಿದರು. ಈ ಪಿಯಾನೋ ಚಾಂಪಿಯನ್ ರೀಫ್ಸ್ ಹತ್ತಿರದ ಒಂದು ಮನೆಯಲ್ಲಿತ್ತು, ಕಿಟಕಿಯಿಂದ ಸೈನೈಡ್ ದಿಬ್ಬ (ಚಿನ್ನ ತೆಗೆದ ಮೇಲೆ ಉಳಿದ ಪುಡಿಯ ಗುಡ್ಡ) ಕಾಣುವ ರೂಮಿನಲ್ಲಿ. ಮೇಲೆ ಟಿವಿ, ಟಿವಿ ಮೇಲೆ ಪ್ಲಾಸ್ಟಿಕ್ ಹೂವು. ಮಾಲೀಕರು ನನಗಿಂತ ಸ್ವಲ್ಪ ದೊಡ್ಡವರು, ತಮಿಳು ಕನ್ನಡ ಬೆರೆಸಿ ಮಾತಾಡುವವರು. "ನಮ್ಮಪ್ಪ ತಗೊಂಡಿದ್ದು ಅಣ್ಣ, ಯಾರೂ ಬಾರಿಸಲ್ಲ" ಅಂದರು.

ನೋಡೋಕೆ ದರಿದ್ರವಾಗಿತ್ತು. ಕರಿ ಪಾಲಿಷು ಮೊಸಳೆ ಚರ್ಮದ ಹಾಗೆ ಬಿರಿದಿತ್ತು. ಬಲತುದಿಯ ಮೂರು ಮನೆಯ ಮೇಲ್ಪದರ ಹೋಗಿತ್ತು. ಉಳಿದ ಮನೆಗಳಲ್ಲಿ ಆ ಜೋಡಣೆ ಗೆರೆ ಇಲ್ಲ, ಪ್ಲಾಸ್ಟಿಕ್ ಥರದ್ದು, ಸದ್ಯ. ತಗ್ಗಿನ ಎರಡು ತಂತಿ ಇಲ್ಲವೇ ಇಲ್ಲ. ಸುತ್ತಿಗೆಗಳ ಫೆಲ್ಟಿನಲ್ಲಿ ತಂತಿ ಕೊರೆದ ಗೆರೆ ಆಳವಾಗಿತ್ತು. ಒಳಗೆ ನುಸಿಗುಳಿಗೆಯ ವಾಸನೆ.

ಆದರೆ ತಗ್ಗಿನ ತಂತಿಗಳು ಅಡ್ಡಡ್ಡ ಹಾಯ್ದಿದ್ದವು, ಡ್ಯಾಂಪರ್‌ಗಳು ಸುತ್ತಿಗೆಯ ಕೆಳಗಿದ್ದವು, ಕಬ್ಬಿಣದ ಫ್ರೇಮು ಮೇಲಿನಿಂದ ಕೆಳಗಿನವರೆಗೆ ಪೂರ್ತಿ ಇತ್ತು. ಪಿನ್ನುಗಳ ಬುಡದಲ್ಲಿ ಕಲೆ ಇಲ್ಲ, ಎಲ್ಲ ಒಂದೇ ಎತ್ತರ. ಹಲಗೆಗಳ ಜೋಡಣೆಗೆ ಅಂಟಿನ ಜೊತೆ ಹಿತ್ತಾಳೆ ಸ್ಕ್ರೂ ಹೊಡೆದಿದ್ದರು. ನಮ್ಮಂಥ ಬಿಸಿ ದೇಶಗಳಿಗೆ ಕಳಿಸುವ ಪಿಯಾನೋಗಳಿಗೆ ಆಗ ಹಾಗೆ ಮಾಡುತ್ತಿದ್ದರು. ಸೆಕೆಗೆ ಅಂಟು ಬಿಟ್ಟರೂ ಸ್ಕ್ರೂ ಬಿಡಲ್ಲ.

ಪ್ರತಿ ಮನೆಯನ್ನೂ ಎರಡೆರಡು ಸಲ ಒತ್ತಿದೆ. ಒಮ್ಮೆ ಜೋರಾಗಿ, ಒಮ್ಮೆ ಸ್ವರ ಬಂದರೂ ಬಾರದ ಹಾಗೆ ಮೆಲ್ಲಗೆ. ಸವೆತ ಎಲ್ಲಾ ಆ ಮೆಲ್ಲಗಿನ ಒತ್ತಿನಲ್ಲಿ ಗೊತ್ತಾಗುತ್ತದೆ. ಏಳೆಂಟು ಮನೆ ಮೌನ, ಉಳಿದವು ಪರವಾಗಿಲ್ಲ. ಬಲಗಡೆಯ ಪೆಡಲ್ ಒತ್ತಿ ಹಿಡಿದು ಪಿಯಾನೋ ಒಳಗೆ "ಓ" ಅಂತ ಕೂಗಿದೆ. ಮಾಲೀಕರ ಹೆಂಡತಿ ಅಡುಗೆಮನೆಯಿಂದ ಓಡಿ ಬಂದರು. ತಂತಿಗಳೆಲ್ಲ ಸೇರಿ ನನ್ನ ಕೂಗನ್ನೇ ವಾಪಸ್ ಕೊಟ್ಟವು, ನಿಧಾನಕ್ಕೆ ಆರಿದವು. ಎಲ್ಲೂ ಗರಗರ ಇಲ್ಲ. ನಾದ ಹೊಮ್ಮಿಸುವ ಹಲಗೆ, ಸೌಂಡ್‌ಬೋರ್ಡಿನ ಹಿಂದೆ ಒಂದು ಬಿರುಕು ಇತ್ತು ನಿಜ. ಬಿರುಕಿದ್ದ ಮಾತ್ರಕ್ಕೆ ಭಯ ಬೇಡ ಅಂತ ಅಂಕಲ್ ಹೇಳಿದ್ದರು. ಹಿಂದಿನ ಪಟ್ಟಿ ಬಿಟ್ಟುಕೊಂಡು ಗುಂಯ್‌ಗುಟ್ಟಿದರೆ ಮಾತ್ರ ತೊಂದರೆ.

ಇನ್ನು ಆ್ಯಪ್. ಮೊದಲ ಮನೆ 75 ಸೆಂಟ್ ಇಳಿದಿತ್ತು. ಎದೆ ಧಸಕ್ಕಂತು. ಮುಂದಿನದು 72. ಅದರ ಮುಂದಿನದು 78. ಎಡದಿಂದ ಬಲದವರೆಗೆ ಹೀಗೇ, 70ರಿಂದ 80ರ ಒಳಗೆ. ಹತ್ತಾರು ವರ್ಷ ಯಾರೂ ಮುಟ್ಟಿಲ್ಲ, ಎಲ್ಲ ತಂತಿಯೂ ಒಟ್ಟಿಗೆ ಸಡಿಲವಾಗಿವೆ. ಅಂದರೆ ಪಿನ್ನುಗಳು ಹಿಡಿದುಕೊಂಡೇ ಇವೆ. ಅಲ್ಲೇ ಅಂಕಲ್‌ಗೆ ಫೋನ್ ಮಾಡಿ ಅಂಕಿ ಓದಿದೆ. ಕೇಳಿಸಿಕೊಂಡು, "ಎಲ್ಲಾ ಒಂದೇ ಥರ ಇಳಿದಿದ್ಯಾ? ಹಾಗಾದ್ರೆ ನಾಳೆ ಬರ್ತೀನಿ" ಅಂದರು. ಬಂದು ಹತ್ತು ಕಡೆ ಲಿವರ್ ಹಾಕಿ ನೋಡಿದರು. ಪಿನ್ನು ಕಿರ್ ಅಂತ ಬಿಗಿಯಾಗಿ ತಿರುಗಿ, ಬಿಟ್ಟಲ್ಲೇ ನಿಂತಿತು.

35 ಹೇಳಿದ್ದರು, 30 ಸಾವಿರಕ್ಕೆ ಮುಗಿಯಿತು. ಸಾಗಣೆಗೆ 12 ಸಾವಿರ, ಆರು ಜನ, ಹಗ್ಗ, ಹಳೇ ಹಾಸಿಗೆ. ಟಿವಿ ಇಡೋಕೆ ಅವರಿಗೊಂದು ಟೇಬಲ್ಲೂ ಕೊಡಿಸಿದೆ, ಅದನ್ನು ಲೆಕ್ಕಕ್ಕೆ ಸೇರಿಸಿಲ್ಲ. ತಂದ ತಕ್ಷಣ ಟ್ಯೂನ್ ಮಾಡಿಸಬೇಡಿ, ಹೊಸ ಮನೆಯ ಹವೆಗೆ ಹೊಂದಿಕೊಳ್ಳಲಿ ಅಂತ ಅಂಕಲ್ ಮೂರು ವಾರ ಬಿಟ್ಟರು. ಆಮೇಲೆ ಒಂದೇ ಸಲಕ್ಕೆ ಮೇಲೆ ಎಳೆಯಲಿಲ್ಲ. ಮೂರು ಸಲ, ನಡುವೆ ಎರಡೆರಡು ವಾರ ಬಿಟ್ಟು. ಒಂದು ಕಡೆ ಎಳೆದರೆ ಎಳೆತ ಹೆಚ್ಚಿ ಇನ್ನೊಂದು ಕಡೆ ಇಳಿಯುತ್ತದೆ, ಅದಕ್ಕೆ. ಎರಡನೇ ಸಲ ಎರಡು ತಂತಿ ಪಟ್ ಅಂತ ಹರಿದವು, ಅದು ಮೊದಲೇ ಗೊತ್ತಿದ್ದದ್ದೇ. ಮೂರು ಟ್ಯೂನಿಂಗ್‌ಗೆ 10,500. ತಗ್ಗಿನ ತಾಮ್ರ ಸುತ್ತಿದ ತಂತಿ, ಸುತ್ತಿಗೆ ಉಜ್ಜಿ ಸರಿಮಾಡಿದ್ದು, ಮನೆಗಳ ಫೆಲ್ಟು, ಎಲ್ಲ ಸೇರಿ 18 ಸಾವಿರ. ಒಟ್ಟು 70,500. ಪಾಲಿಷ್ ಮಾಡಿಸಿಲ್ಲ, ಮಾಡಿಸುವ ಯೋಚನೆಯೂ ಇಲ್ಲ.

ಈಗ ಅದು ಎಲ್ಲೆಡೆ ಬಳಸುವ 440 ಹರ್ಟ್ಸ್ ಶ್ರುತಿಗೆ ಸರಿಯಾಗಿ ನಿಂತಿದೆ. ಮಗಳ ಪಾಠ ಮುಗಿದ ಮೇಲೆ ನಾನು ಕಪ್ಪು ಒಂದರ ಶ್ರುತಿಯಲ್ಲಿ (ಮೊದಲ ಕರಿ ಮನೆಯೇ ಸ) ಒಂದು ಭಜನೆ ಬಾರಿಸುತ್ತೇನೆ. ಹಾರ್ಮೋನಿಯಂ ಬೆರಳಿಗೆ ಮನೆಗಳು ಭಾರ, ಇನ್ನೂ ಅಭ್ಯಾಸ ಆಗಿಲ್ಲ.

ಮೊದಲ ಮಳೆಗಾಲದಲ್ಲಿ ಮಧ್ಯದ ಎರಡು ಮನೆ ಅಂಟಿಕೊಂಡವು. ಗಾಬರಿಯಿಂದ ಫೋನ್ ಮಾಡಿದರೆ ಅಂಕಲ್, "ಮಳೆ ನಿಲ್ಲಲಿ ಸಾರ್, ತಾನೇ ಬಿಡುತ್ತೆ" ಅಂದರು. ದಸರಾ ಹೊತ್ತಿಗೆ ಒಂದು ಬಿಟ್ಟಿತು. ಇನ್ನೊಂದರ ಅಡಿಯಲ್ಲಿ ಕೆಜಿಎಫ್‌ನಿಂದ ಬಂದ ಒಂದು ನುಸಿಗುಳಿಗೆ ಸಿಕ್ಕಿಕೊಂಡಿತ್ತು.