ಫಿಫ್ತ್ ವೀಲೋ, ಟ್ರಾವೆಲ್ ಟ್ರೈಲರೋ? ಮೊದಲು ಗಾಡಿಯ ಬಾಗಿಲು ತೆಗೆದು ನೋಡಿ

ಅಮೆರಿಕದಲ್ಲಿ ಆರ್‌ವಿ, ಅಂದರೆ ಚಕ್ರದ ಮೇಲಿನ ಪ್ರವಾಸದ ಮನೆ, ಕೊಳ್ಳಲು ಹೊರಟ ಕುಟುಂಬ ಮೊದಲು ನೋಡುವುದು ಸೋಫಾ, ಅಡುಗೆ ಕಟ್ಟೆ, ಮಕ್ಕಳ ಬಂಕ್ ಹಾಸಿಗೆ. ಮಾರುವವರಿಗೂ ಬೇಕಾದದ್ದು ಅದೇ. ಎಳೆದೊಯ್ಯುವ ಆರ್‌ವಿಗಳಲ್ಲಿ ಎರಡು ಬಗೆ: ಗಾಡಿಯ ಹಿಂತುದಿಗೆ ಕೊಂಡಿ ಹಾಕುವ ಟ್ರಾವೆಲ್ ಟ್ರೈಲರ್, ಪಿಕಪ್ ಟ್ರಕ್‌ನ ಹಿಂಭಾಗದೊಳಗೆ ಕೊಂಡಿ ಹಾಕುವ ಫಿಫ್ತ್ ವೀಲ್. ಫಿಫ್ತ್ ವೀಲ್ ಒಳಗೆ ಒಮ್ಮೆ ಕಾಲಿಟ್ಟರೆ ಅದರ ಎತ್ತರದ ಸೂರು, ಮಹಡಿಯಂಥ ಮಲಗುವ ಕೋಣೆ ಕಂಡು ಮನಸ್ಸು ಜಾರುವುದು ಸಹಜ. ಆದರೆ ಅಲ್ಲಿರುವ ನಮ್ಮವರ ಮನೆ ಮುಂದೆ ಹೆಚ್ಚಾಗಿ ನಿಂತಿರುವುದು ಟೊಯೋಟಾ ಸಿಯೆನ್ನಾ ಅಥವಾ ಹೋಂಡಾ ಒಡಿಸ್ಸಿ ಮಿನಿವ್ಯಾನ್. ಈಗಿನ ಮಾದರಿಗಳ ಎಳೆಯುವ ಮಿತಿ 3,500 ಪೌಂಡ್. ಹಾಗಾಗಿ ಎಳೆಯುವ ಗಾಡಿ ಯಾವುದೆಂದು ಮೊದಲು ತೀರ್ಮಾನಿಸಿ, ಸೋಫಾ ಆಮೇಲೆ.

ಕೊಂಡಿ ಎಲ್ಲಿ ಬೀಳುತ್ತದೆ?

ಟ್ರಾವೆಲ್ ಟ್ರೈಲರ್ ಗಾಡಿಯ ಹಿಂತುದಿಯ ಹಿಚ್‌ನಲ್ಲಿರುವ (ಜೋಡಿಸುವ ಕೊಂಡಿ) ಉಕ್ಕಿನ ಚೆಂಡಿಗೆ ಸಿಕ್ಕಿಕೊಳ್ಳುತ್ತದೆ. ಶಕ್ತಿ ಇದ್ದರೆ ಎಸ್‌ಯುವಿ, ಪಿಕಪ್ ಯಾವುದಾದರೂ ಎಳೆದೀತು. ಫಿಫ್ತ್ ವೀಲ್‌ನ ಕಿಂಗ್ ಪಿನ್ (ಜೋಡಣೆಯ ಉಕ್ಕಿನ ಗೂಟ) ಕೂರುವುದು ಪಿಕಪ್‌ನ ಬೆಡ್ (ಸಾಮಾನು ಹೇರುವ ತೆರೆದ ಹಿಂಭಾಗ) ಒಳಗೆ, ಹಿಂದಿನ ಆ್ಯಕ್ಸಲ್‌ನ ಆಸುಪಾಸಿನಲ್ಲಿ. ಪಿಕಪ್ ಇಲ್ಲದವರಿಗೆ ಆಯ್ಕೆ ಇಲ್ಲಿಗೇ ಮುಗಿಯಿತು. ಬೆಡ್ ಗಿಡ್ಡದಾಗಿದ್ದರೆ ತಿರುವಿನಲ್ಲಿ ಟ್ರೈಲರ್ ಕ್ಯಾಬಿನ್‌ಗೆ ತಾಗದಂತೆ ಹಿಂದೆ ಸರಿಯುವ ಹಿಚ್ ಕೂಡ ಬೇಕಾಗಬಹುದು.

ಇಷ್ಟೆಲ್ಲ ಮಾಡಿದ್ದಕ್ಕೆ ಪ್ರತಿಫಲವೂ ಉಂಟು. ಅಡ್ಡಗಾಳಿ ಬೀಸಿದಾಗ, ಪಕ್ಕದಲ್ಲಿ ದೊಡ್ಡ ಲಾರಿ ಹಾದಾಗ ಫಿಫ್ತ್ ವೀಲ್ ಅಷ್ಟಾಗಿ ಓಲಾಡುವುದಿಲ್ಲ. ಟ್ರಾವೆಲ್ ಟ್ರೈಲರ್ ಬಾಲ ಬೀಸದಂತೆ ತಡೆಯಲು ಭಾರ ಹಂಚುವ ಹಿಚ್, ಸ್ವೇ ಕಂಟ್ರೋಲ್ ಹಾಕಿಸಬೇಕು. ದುಡ್ಡು ಉಳಿಸುವ ಜಾಗ ಇದಲ್ಲ.

ಲೆಕ್ಕ ಹಾಕಿ

ಚಾಲಕನ ಬಾಗಿಲು ತೆರೆದರೆ ಚೌಕಟ್ಟಿನ ಮೇಲೆ ಟೈರ್ ಒತ್ತಡದ ಚೀಟಿ ಅಂಟಿಸಿರುತ್ತಾರೆ. ಜನ, ಸಾಮಾನು ಎರಡೂ ಸೇರಿ ಎಷ್ಟು ಭಾರ ಹೊರಬಹುದೆಂಬುದು ಅದರಲ್ಲೇ ಇದೆ. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಹಾಕುವ ಎಳೆಯುವ ಶಕ್ತಿಗಿಂತ ಈ ಸಣ್ಣ ಅಂಕಿಯೇ ಮೊದಲು ಕೈಕೊಡುವುದು.

ನಿಮ್ಮ ಪಿಕಪ್‌ನ ಚೀಟಿಯಲ್ಲಿ 1,650 ಪೌಂಡ್ ಎಂದಿದೆ ಎಂದಿಟ್ಟುಕೊಳ್ಳಿ. ಅಪ್ಪ, ಅಮ್ಮ, ಮಕ್ಕಳು, ಅಜ್ಜಿ ಸೇರಿ 650. ಬ್ಯಾಗು, ಐಸ್ ಪೆಟ್ಟಿಗೆ 100. ಉಳಿದದ್ದು 900. ಟ್ರಾವೆಲ್ ಟ್ರೈಲರ್ ತನ್ನ ತೂಕದ ಶೇ 10ರಿಂದ 15ರಷ್ಟನ್ನು ಹಿಚ್ ಮೇಲೆ ಹೇರುತ್ತದೆ. ಸಾಮಾನು ತುಂಬಿದ 6,000 ಪೌಂಡಿನದಾದರೆ ಶೇ 13ರಂತೆ 780. ಹಿಚ್‌ನ ತೂಕ 90 ಸೇರಿಸಿದರೆ 870. ಹೊಂದಿತು, ಆದರೆ ಅಂಚಿನಲ್ಲಿ. ಫಿಫ್ತ್ ವೀಲ್ ಹೇರುವುದು ಶೇ 15ರಿಂದ 25. ತುಂಬಿದ 9,000 ಪೌಂಡಿಗೆ ಶೇ 20 ಹಿಡಿದರೂ 1,800. ಮನೆಮಂದಿಯನ್ನೆಲ್ಲ ಕೆಳಗಿಳಿಸಿದರೂ ಆಗದು! ಫೋರ್ಡ್ ಎಫ್-250, ಎಫ್-350 ವರ್ಗದ ಭಾರೀ ಪಿಕಪ್ ಟ್ರಕ್ ಕೇಳುವುದು ಇದಕ್ಕೇ.

ಡ್ರೈ ವೇಟ್ ಎಂದು ಬರೆದಿರುವ ಅಂಕಿಯನ್ನು ಈ ಲೆಕ್ಕಕ್ಕೆ ತರಬೇಡಿ. ಅದು ನೀರು, ಪಾತ್ರೆ, ಅಕ್ಕಿ ಏನೂ ಇಲ್ಲದ ತೂಕ. ಟ್ರೈಲರ್‌ನ ಗರಿಷ್ಠ ತೂಕ, ಅಂದರೆ ಜಿವಿಡಬ್ಲ್ಯೂಆರ್ ಹಿಡಿದು ಲೆಕ್ಕ ಹಾಕಿದರೆ ನಿಶ್ಚಿಂತೆ.

ಹೋಗುವ ಊರು, ಇರುವ ಜನ

ಯೊಸೆಮಿಟಿ ರಾಷ್ಟ್ರೀಯ ಉದ್ಯಾನದ ಅಪ್ಪರ್ ಪೈನ್ಸ್ ಕ್ಯಾಂಪ್‌ಗ್ರೌಂಡಿನಲ್ಲಿ ಟ್ರೈಲರಿಗೆ 24 ಅಡಿ ಉದ್ದವೇ ಮಿತಿ. ರಾಷ್ಟ್ರೀಯ ಉದ್ಯಾನಗಳೇ ನಿಮ್ಮ ಗುರಿಯಾದರೆ ಗಿಡ್ಡ ಟ್ರಾವೆಲ್ ಟ್ರೈಲರ್ ಲೇಸು. ಹನ್ನೆರಡು, ಹದಿಮೂರು ಅಡಿ ಎತ್ತರದ ಫಿಫ್ತ್ ವೀಲ್‌ಗೆ ಹಳೇ ಸೇತುವೆ, ಮರದ ಕೊಂಬೆಗಳ ಕಾಟವೂ ಇದೆ. ಗ್ಲೇಸಿಯರ್ ಉದ್ಯಾನದ ಗೋಯಿಂಗ್ ಟು ದ ಸನ್ ರಸ್ತೆಯ ಬೆಟ್ಟದ ಭಾಗಕ್ಕೆ ಗಾಡಿ, ಟ್ರೈಲರ್ ಸೇರಿ ಉದ್ದ 21 ಅಡಿ ಮೀರಿದ್ದನ್ನು ಬಿಡುವುದಿಲ್ಲ. ಅಲ್ಲಿ ಎರಡನ್ನೂ ಕಳಚಿಟ್ಟೇ ಹೋಗಬೇಕು.

ಊರಿಂದ ಅಪ್ಪ-ಅಮ್ಮ ಬಂದಾಗ ಅವರನ್ನೂ ಕರೆದೊಯ್ಯುವ ಯೋಚನೆ ಇದೆಯೇ? ಫಿಫ್ತ್ ವೀಲ್‌ನ ಒಳ್ಳೆಯ ಹಾಸಿಗೆ ಇರುವುದು ಒಳಮೆಟ್ಟಿಲು ಹತ್ತಿದ ಮೇಲೆ. ಮಂಡಿನೋವಿನವರು ರಾತ್ರಿ ಎರಡು ಸಲ ಎದ್ದು ಇಳಿಯುವುದನ್ನು ಊಹಿಸಿಕೊಳ್ಳಿ. ಬೆಡ್‌ನಲ್ಲಿ ಹಿಚ್ ಕೂತರೆ ಮಕ್ಕಳ ಸೈಕಲ್‌ಗೂ ಬೇರೆ ಜಾಗ ಹುಡುಕಬೇಕು.

ಅಡುಗೆಯ ವಿಷಯದಲ್ಲಿ ಮಾತ್ರ ಫಿಫ್ತ್ ವೀಲ್‌ಗೆ ಮೇಲುಗೈ. ದೊಡ್ಡವುಗಳಲ್ಲಿ 50 ಆಂಪ್ ವಿದ್ಯುತ್ ಸಂಪರ್ಕ, ಅಂದರೆ 12,000 ವಾಟ್. ಸಣ್ಣ ಟ್ರೈಲರ್‌ಗಳಲ್ಲಿ ಸಾಮಾನ್ಯವಾಗಿ 30 ಆಂಪ್, 3,600 ವಾಟ್ ಅಷ್ಟೇ. ಎಸಿ ಓಡುತ್ತಿರುವಾಗ ಇಂಡಕ್ಷನ್ ಮೇಲೆ ಕುಕ್ಕರ್ ಇಟ್ಟು ಮೈಕ್ರೋವೇವ್ ಒತ್ತಿದರೆ ಬ್ರೇಕರ್ ಬೀಳುತ್ತದೆ. ಒಗ್ಗರಣೆ ಹೊರಗಡೆ ಹಾಕಿಕೊಳ್ಳಿ, ಹೊಗೆಯ ಅಲಾರಾಂ ಸುಮ್ಮನಿರುತ್ತದೆ.

ವಾರಾಂತ್ಯಕ್ಕೆ, ರಜೆಗೆ ಹೋಗುವ ಕುಟುಂಬಕ್ಕೆ ನಾನು ಹೇಳುವುದು ಟ್ರಾವೆಲ್ ಟ್ರೈಲರ್. ದೊಡ್ಡ ಟ್ರಕ್ ಈಗಾಗಲೇ ಇದ್ದು, ತಿಂಗಳುಗಟ್ಟಲೆ ಒಂದೇ ಕಡೆ ಇರುವವರಿಗೆ ಫಿಫ್ತ್ ವೀಲ್. ಯಾವುದೇ ಆಗಲಿ, ಮೊದಲು ಬಾಡಿಗೆಗೆ ತೆಗೆದುಕೊಂಡು ಖಾಲಿ ಪಾರ್ಕಿಂಗ್ ಜಾಗದಲ್ಲಿ ರಿವರ್ಸ್ ಕಲಿಯಿರಿ.

ಕೊಂಡ ಮೇಲೆ ಎಲ್ಲ ತುಂಬಿ, ಎಲ್ಲರೂ ಹತ್ತಿ, ಹೆದ್ದಾರಿ ಬದಿಯ ಟ್ರಕ್ ಸ್ಟಾಪ್‌ನ ತೂಕದ ಕಟ್ಟೆ ಮೇಲೆ ನಿಲ್ಲಿಸಿ. ಒಂದು ಗ್ಯಾಲನ್ ನೀರು ಸುಮಾರು 8.3 ಪೌಂಡ್, 40 ಗ್ಯಾಲನ್ ಟ್ಯಾಂಕಿಗೆ 330ರ ಮೇಲಾಯಿತು. ಅಂಕಿ ಮಿತಿ ದಾಟಿದ್ದರೆ ಮೊದಲು ಆ ನೀರು ಬಿಡಿ, ಹೆಚ್ಚಿನ ಕ್ಯಾಂಪ್‌ಗ್ರೌಂಡುಗಳಲ್ಲಿ ನಲ್ಲಿ ಇರುತ್ತದಲ್ಲ.