ಬಿಸಿಬೇಳೆಬಾತ್ ಇದೆಯಾ ಎಂದು ಕಂಪೈಲರನ್ನು ಕೇಳಿದ್ದು

ಮೊನ್ನೆ ನಮ್ಮ ಪ್ರೋಗ್ರಾಂ ಆರನೇ ಯುನಿಕ್ಸ್ ಮೇಲೂ ಓಡಿತು (ಯುನಿಕ್ಸ್ ಅಂದರೆ ಸನ್ ಕಂಪನಿಯ ಸೋಲಾರಿಸ್, ಐಬಿಎಂನ ಎಐಎಕ್ಸ್, ಲಿನಕ್ಸ್ ಇಂಥ ಆಪರೇಟಿಂಗ್ ಸಿಸ್ಟಂಗಳ ಮನೆತನ). ಮೂರು ವರ್ಷದ ಕೆಳಗೆ "ಈ ಕಾಲದಲ್ಲಿ ಕಾನ್ಫಿಗರ್ ಸ್ಕ್ರಿಪ್ಟನ್ನು ಕೈಯಲ್ಲಿ ಯಾರು ಬರೀತಾರೆ ಮಾರಾಯ" ಎಂದು ನಕ್ಕಿದ್ದ ಗೆಳೆಯರಿಗೆ ಅವತ್ತೇ ಮೆಸೇಜ್ ಹಾಕಿದೆ. ಇನ್ನೂ ಉತ್ತರ ಬಂದಿಲ್ಲ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ಕಾನ್ಫಿಗರ್ ಸ್ಕ್ರಿಪ್ಟ್ ಅಂದರೆ, ಪ್ರೋಗ್ರಾಂ ಕಟ್ಟುವ ಮೊದಲು ಈ ಮಷಿನ್ನಿನಲ್ಲಿ ಏನಿದೆ, ಏನಿಲ್ಲ ಎಂದು ಕಂಪೈಲರನ್ನು (ಕೋಡನ್ನು ಮಷಿನ್ ಭಾಷೆಗೆ ತಿರುಗಿಸುವ ಸಾಧನ) ಕೇಳಿ ತಿಳಿಯುವ ಸ್ಕ್ರಿಪ್ಟ್.

ಪ್ರೋಗ್ರಾಂ ದೊಡ್ಡದೇನಲ್ಲ. ಫೋನ್ ಕರೆಗಳ ದಾಖಲೆ ಫೈಲ್‌ಗಳನ್ನು ಎತ್ತಿ ಬಿಲ್ಲಿಂಗ್ ಸರ್ವರ್‌ಗೆ ಕಳಿಸುತ್ತದೆ, ಅಷ್ಟೇ. ಸುಮಾರು 40 ಸಾವಿರ ಸಾಲಿನ ಸಿ ಭಾಷೆಯ ಕೋಡ್. ನನ್ನ ಕೈಗೆ ಬಂದಾಗ ಅದರಲ್ಲಿ ಆರೇಳು ನೂರು ಇಫ್‌ಡೆಫ್ (ಇಂಥ ಹೆಸರು ಇದ್ದರೆ ಮಾತ್ರ ಈ ಸಾಲುಗಳನ್ನು ಸೇರಿಸು ಎಂಬ ಷರತ್ತು) ಇದ್ದವು. ಎಲ್ಲವೂ ಹೆಸರು ಕೇಳುವಂಥವೇ: ನೀನು ಸೋಲಾರಿಸಾ, ಎಐಎಕ್ಸಾ, ಲಿನಕ್ಸಾ? ಒಂದು ಕಡೆ ನಾಲ್ಕು ಇಫ್‌ಡೆಫ್ ಒಂದರೊಳಗೊಂದು ಕೂತಿದ್ದವು. ಮೇಲೆ ಯಾರೋ ಪುಣ್ಯಾತ್ಮ "ಇಲ್ಲಿ ಕೈ ಹಾಕಬೇಡಿ" ಎಂದು ಕಾಮೆಂಟ್ ಬರೆದಿಟ್ಟಿದ್ದ.

ಕಾನ್ಫಿಗರ್ ಸ್ಕ್ರಿಪ್ಟನ್ನು ತಾನೇ ತಯಾರಿಸಿಕೊಡುವ ಆಟೋಕಾನ್ಫ್ ಯಾಕೆ ಬಳಸಲಿಲ್ಲ ಅಂತ ಕೇಳುತ್ತೀರಿ. ಬಳಸಿ ನೋಡಿದೆ. ನಮ್ಮಲ್ಲಿದ್ದ ಫೈಲ್ ಅದರ 2.13ನೇ ಆವೃತ್ತಿಯ ಕಾಲದ್ದು. 2.69ಕ್ಕೆ ಕೊಟ್ಟರೆ ಪುಟಗಟ್ಟಲೆ ಬೈಗುಳ. ಹತ್ತು ಹನ್ನೆರಡು ದಿನ ಅದರ ಮ್ಯಾಕ್ರೋ ಭಾಷೆ ಎಂ4 ಜೊತೆ ಗುದ್ದಾಡಿ ಕೈ ಬಿಟ್ಟೆ. ಇನ್ನೊಂದು ಬಿಲ್ಡ್ ಸಾಧನ ಸಿಮೇಕ್, ಅದರ ಮಾತೇ ಬರಲಿಲ್ಲ, ಗ್ರಾಹಕರ ಎಐಎಕ್ಸ್ ಮೇಲೆ ಹೊಸದೇನನ್ನೂ ಹಾಕಲು ಅನುಮತಿ ಇರಲಿಲ್ಲ.

ಕೊನೆಗೆ ಮಾಡಿದ್ದು ಇಷ್ಟು. ಒಂದೇ ಶೆಲ್ ಸ್ಕ್ರಿಪ್ಟ್, ಈಗ ಸುಮಾರು 350 ಸಾಲು. ಅದರಲ್ಲಿ 45 ಪ್ರಶ್ನೆ. ಒಂದೊಂದಕ್ಕೂ ಪುಟ್ಟದೊಂದು ಸಿ ತುಣುಕು. ಕಂಪೈಲ್ ಆಗಿ ಲಿಂಕ್ ಆದರೆ (ಲೈಬ್ರರಿಗಳ ಜೊತೆ ಕೂಡಿಕೊಂಡರೆ) "ಇದೆ", ಇಲ್ಲದಿದ್ದರೆ "ಇಲ್ಲ". ಉತ್ತರ ಕಾನ್ಫಿಗ್ ಹೆಡರ್‌ಗೆ, ಅಂದರೆ ಪ್ರತಿ ಸಿ ಫೈಲೂ ಮೊದಲು ಸೇರಿಸಿಕೊಳ್ಳಬೇಕಾದ ಫೈಲಿಗೆ, ಹೋಗುತ್ತದೆ. ಇಲ್ಲದ ಫಂಕ್ಷನ್ನನ್ನು ಬದಲಿ ಕೋಡ್ ಇರುವ ಕಾಂಪ್ಯಾಟ್ ಫೋಲ್ಡರಿಂದ ಸೇರಿಸುತ್ತೇವೆ. ಮೂಲ ಕೋಡಿನಲ್ಲಿ ಈಗ ಯಾವ ಓಎಸ್ ಹೆಸರೂ ಇಲ್ಲ.

ಕೇಳಲು ಸಲೀಸು, ಅಲ್ವಾ? ಮೊದಲ ದಿನವೇ ಸೋಲಾರಿಸ್ 10 ಮೇಲೆ ಸ್ಕ್ರಿಪ್ಟೇ ಓಡಲಿಲ್ಲ. ಅಲ್ಲಿನ ಬಿನ್ ಎಸ್‌ಎಚ್ (ಸ್ಕ್ರಿಪ್ಟ್ ಓಡಿಸುವ ಪ್ರೋಗ್ರಾಂ) ನಿಜವಾದ ಹಳೇ ಬೋರ್ನ್ ಶೆಲ್. ಡಾಲರ್-ಬ್ರಾಕೆಟ್ ಗೊತ್ತಿಲ್ಲ, ಇಫ್ ಮುಂದೆ ಆಶ್ಚರ್ಯ ಚಿಹ್ನೆ ಗೊತ್ತಿಲ್ಲ, ಗ್ರೆಪ್‌ಗೆ ಮೈನಸ್ ಕ್ಯೂ ಗೊತ್ತಿಲ್ಲ. ಎಲ್ಲವನ್ನೂ ಹಳೇ ಶೈಲಿಗೆ ಇಳಿಸಿದೆ. 

ದುಡ್ಡು ಕಳೆದದ್ದು ಬೇರೆ ಕಡೆ. ಗ್ರಾಹಕರ ಹಳೇ ಲೈಬ್ರರಿ 32 ಬಿಟ್‌ನದು, ಹಾಗಾಗಿ ನಮ್ಮದೂ 32 ಬಿಟ್ ಬಿಲ್ಡ್. 2 ಜಿಬಿ ದಾಟುವ ಫೈಲ್‌ಗಾಗಿ "ಫೈಲ್ ಆಫ್‌ಸೆಟ್ ಬಿಟ್ಸ್ 64" ಎಂದು ಕಾನ್ಫಿಗ್ ಹೆಡರಿನಲ್ಲಿ ಬರೆದಿದ್ದೆ. ಕ್ಯೂ ನೋಡಿಕೊಳ್ಳುವ ಒಂದೇ ಒಂದು ಫೈಲಿನಲ್ಲಿ ಸಿಸ್ಟಂನ ಎಸ್‌ಟಿಡಿಐಒ ಹೆಡರ್ ಮೇಲೆ, ಕಾನ್ಫಿಗ್ ಕೆಳಗೆ. ನಾನೇ ಹಾಕಿದ್ದು. 64 ಎಂಬ ಸಾಲು ಕಾಣುವ ಮೊದಲೇ ಎಸ್‌ಟಿಡಿಐಒ ತನ್ನ ಅಳತೆ ತೀರ್ಮಾನಿಸಿಬಿಟ್ಟಿತು. ಅಲ್ಲಿಗೆ ಆಫ್-ಟಿ (ಫೈಲಿನಲ್ಲಿ ಎಲ್ಲಿದ್ದೇವೆ ಎಂದು ಹೇಳುವ ಸಂಖ್ಯೆಯ ಬಗೆ) ಆ ಫೈಲಿಗೆ 4 ಬೈಟ್, ಉಳಿದವಕ್ಕೆಲ್ಲ 8. ಸ್ಟ್ರಕ್ಟಿನಲ್ಲಿ (ಮಾಹಿತಿಗಳನ್ನು ಸಾಲಾಗಿ ಜೋಡಿಸಿಟ್ಟ ಕಟ್ಟು) ಮೊದಲು ಫೈಲ್ ಓದಿದ ಜಾಗ, ಆಮೇಲೆ ಮೂಲದ ನಂಬರ್. ಇಂಟೆಲ್ ಮೇಲೆ 8 ಬೈಟ್ ಸಂಖ್ಯೆಯ ಕೆಳಗಿನ ಅರ್ಧ ಮೊದಲು ಬರುತ್ತದೆ, ಜಾಗ ಸರಿಯಾಗೇ ಓದಿತು. ನಂಬರ್ ಸೊನ್ನೆ ಬಂತು, ಲಿನಕ್ಸ್ ಗ್ರಾಹಕರ ನಿಜವಾದ ಮೂಲದ ನಂಬರೂ ಸೊನ್ನೆಯೇ. ಯಾರಿಗೂ ಗೊತ್ತಾಗಲಿಲ್ಲ. ಸೋಲಾರಿಸ್ ಓಡುವ ಸ್ಪಾರ್ಕ್ ಪ್ರೊಸೆಸರ್ ಮೇಲೆ ಮೇಲಿನ ಅರ್ಧ ಮೊದಲು. 4 ಜಿಬಿ ದಾಟದ ಫೈಲಿಗೆ ಅಲ್ಲಿ ಯಾವಾಗಲೂ ಸೊನ್ನೆ. ರೀಸ್ಟಾರ್ಟ್ ಆದಾಗಲೆಲ್ಲ ಫೈಲನ್ನು ಮೊದಲಿಂದ ಕಳಿಸುತ್ತಿತ್ತು. ಒಂದೇ ಕರೆಗೆ ಎರಡು ಬಿಲ್! ಹುಡುಕಲು ಐದು ದಿನ, ಆ ತಿಂಗಳ ಸುಮಾರು 60 ಸಾವಿರ ರೂಪಾಯಿ ನಾನೇ ಬಿಟ್ಟುಕೊಟ್ಟೆ.

ಆಮೇಲಿಂದ ಅದು ಹೆಡರಿನಲ್ಲಿಲ್ಲ, ಕಂಪೈಲ್ ಸಾಲಿನಲ್ಲೇ ಮೈನಸ್ ಡಿ ಕೊಟ್ಟು ಬರುತ್ತದೆ. ಎಐಎಕ್ಸ್‌ನಲ್ಲಿ ಅದರ ಹೆಸರು ಲಾರ್ಜ್ ಫೈಲ್ಸ್, ಸ್ಕ್ರಿಪ್ಟ್ ಎರಡನ್ನೂ ಹಾಕಿ ಆಫ್-ಟಿ ಅಳೆದು ನೋಡುತ್ತದೆ. ಜೊತೆಗೆ, ಮೊದಲ ಇನ್‌ಕ್ಲೂಡ್ ಕಾನ್ಫಿಗ್ ಅಲ್ಲದ ಫೈಲ್ ಸಿಕ್ಕರೆ ಬಿಲ್ಡ್ ನಡೆಸುವ ಮೇಕ್ ಅಲ್ಲೇ ನಿಲ್ಲುತ್ತದೆ.

ಸ್ಪಾರ್ಕ್ ಮಷಿನ್ ಎಲ್ಲಿಂದ ಬಂತು ಅಂದರೆ, ಬೆಂಗಳೂರಿನ ಎಸ್‌ಪಿ ರೋಡ್. ಸನ್ ಕಂಪನಿಯ ಹಳೇ ಅಲ್ಟ್ರಾ 5, ಮೂರೂವರೆ ಸಾವಿರಕ್ಕೆ. ಮನೆಗೆ ತಂದು ಆನ್ ಮಾಡಿದರೆ ತನ್ನ ಮ್ಯಾಕ್ ಅಡ್ರೆಸ್ಸೇ (ನೆಟ್‌ವರ್ಕ್ ಗುರುತಿನ ಸಂಖ್ಯೆ) ಮರೆತಿತ್ತು. ಅದನ್ನು ನೆನಪಿಡುವ ಎನ್‌ವಿರಾಮ್ ಚಿಪ್ಪಿನ ಒಳಗಿನ ಬ್ಯಾಟರಿ ಸತ್ತಿತ್ತು. ಚಿಪ್ಪಿನ ತಲೆ ಕೆರೆದು, ತಂತಿ ಬೆಸುಗೆ ಹಾಕಿ, ಒಂದು ಬಟನ್ ಸೆಲ್ ಕಟ್ಟಿದೆ. ಇವತ್ತಿಗೂ ನಡೀತಿದೆ. ಮಿಕ್ಸಿ ತರಹ ಸದ್ದು ಮಾಡುತ್ತದೆ ಅಂತ ಮನೆಯಲ್ಲಿ ಗಲಾಟೆ, ಈಗ ಅದು ಬಾಲ್ಕನಿಯಲ್ಲಿದೆ.

ಇದೆಲ್ಲ ಯಾಕೆ, ಬೇರೆ ಪ್ರೊಸೆಸರನ್ನು ಅನುಕರಿಸುವ ಕ್ಯೂಎಮು ಸಾಕು ಅಂದವರೂ ಇದ್ದರು. ಅದರಲ್ಲಿ ಐಬಿಎಂ ಮೇನ್‌ಫ್ರೇಮಿನ ಎಸ್390ಎಕ್ಸ್‌ಗಿರುವ ಡೆಬಿಯನ್ ಲಿನಕ್ಸ್ ಹಾಕಿ ನೋಡಿದೆ. ಲ್ಯಾಪ್‌ಟಾಪಿನಲ್ಲಿ 40 ಸೆಕೆಂಡಿನ ಟೆಸ್ಟ್ ಅಲ್ಲಿ ಕಾಲು ಗಂಟೆ. ಬೈಟ್ ಕ್ರಮದ ತಪ್ಪುಗಳೇನೋ ಸಿಕ್ಕವು. ಆದರೆ ಆ ಪ್ರೊಸೆಸರ್ ಅಲೈನ್ ಆಗದ (4, 8ರ ಲೆಕ್ಕಕ್ಕೆ ಕೂರದ) ವಿಳಾಸವನ್ನು ಸುಮ್ನೆ ಓದಿಬಿಡುತ್ತದೆ. ಸ್ಪಾರ್ಕ್ ಹಾಗಲ್ಲ, ಬಸ್ ಎರರ್ ಕೊಟ್ಟು ಕೆಡವುತ್ತದೆ. ನನಗೆ ಬೇಕಾದದ್ದು ಆ ಕೆಡವುವ ಗುಣ.

ಎಐಎಕ್ಸ್ ಮಷಿನ್ ಗಂಟೆ ಲೆಕ್ಕದಲ್ಲಿ ಬಾಡಿಗೆಗೆ ತೆಗೆದುಕೊಂಡೆ. ಒಂದು ಶುಕ್ರವಾರ ಆಫ್ ಮಾಡಲು ಮರೆತು ಸೋಮವಾರ ನೋಡಿದರೆ ಒಂಬತ್ತು ಸಾವಿರದ ಹತ್ತಿರ ಬಿಲ್. ಅಲ್ಲಿ ಪ್ರೋಗ್ರಾಂ ಶುರುವಾಗುತ್ತಲೇ ಸಿಪಿಯು ನೂರಕ್ಕೆ ಏರಿ ಕೂತಿತ್ತು. ಕಾರಣ ಹಳೇ ಕಾಯಿಲೆ: ಕಮಾಂಡಿನ ಆಯ್ಕೆಗಳನ್ನು ಓದುವ ಗೆಟ್‌ಆಪ್ಟ್ ಕೊಟ್ಟದ್ದನ್ನು ಇಂಟ್ (ಪೂರ್ಣಾಂಕ) ಬದಲು ಕ್ಯಾರ್‌ನಲ್ಲಿ (ಒಂದೇ ಬೈಟ್) ಇಟ್ಟು, ಆಯ್ಕೆಗಳು ಮುಗಿದವು ಎನ್ನುವ ಮೈನಸ್ ಒಂದಕ್ಕೆ ಹೋಲಿಸಿದ್ದರು. ಅಲ್ಲಿ ಕ್ಯಾರ್‌ಗೆ ಮೈನಸ್ಸೇ ಇಲ್ಲ, ಲೂಪ್ ಮುಗಿಯುವುದೇ ಇಲ್ಲ. ಈಗ ಲಿನಕ್ಸ್ ಮೇಲೆಯೇ ದಿನಾ ಒಂದು ಬಿಲ್ಡನ್ನು ಅನ್‌ಸೈನ್ಡ್ ಕ್ಯಾರ್ ಆಯ್ಕೆ ಕೊಟ್ಟು ಮಾಡುತ್ತೇನೆ. ಬಾಡಿಗೆ ಉಳಿಯಿತು. ಮುಂದೆ ಆರ್ಮ್ ಪ್ರೊಸೆಸರ್ ಮೇಲೆ ಡೆಬಿಯನ್ ಬೇಕೆಂದಾಗ, ಅಲ್ಲೂ ಕ್ಯಾರ್‌ಗೆ ಮೈನಸ್ ಇಲ್ಲದಿದ್ದರೂ, ಈ ತರಹದ್ದು ಒಂದೂ ಸಿಗಲಿಲ್ಲ.

ಈಗ ಬಿಸಿಬೇಳೆಬಾತ್ ವಿಷಯ. ಒಂದು ದಿನ ಎಐಎಕ್ಸ್ ಮೇಲೆ ಸ್ಕ್ರಿಪ್ಟ್ ಎಲ್ಲ ಪ್ರಶ್ನೆಗೂ "ಇದೆ" ಎಂದಿತು. ಬಿಎಸ್‌ಡಿ ಎಂಬ ಇನ್ನೊಂದು ಯುನಿಕ್ಸ್ ಕಡೆಯ ಕೆಕ್ಯೂ ಫಂಕ್ಷನ್ ಕೂಡ ಇದೆಯಂತೆ! ನೋಡಿದರೆ ಯಾರೋ ಲಿಂಕರ್ ಆಯ್ಕೆಗಳಲ್ಲಿ "ಬಿ-ಎರ್‌ಓಕೆ" ಬಿಟ್ಟು ಹೋಗಿದ್ದರು. ಅದಿದ್ದರೆ ಸಿಗದ ಸಿಂಬಲ್ಲನ್ನೂ (ಫಂಕ್ಷನ್ ಹೆಸರು) ಲಿಂಕರ್ ಪರವಾಗಿಲ್ಲ ಅಂತ ಬಿಟ್ಟುಬಿಡುತ್ತದೆ. ಅವತ್ತಿಂದ ಸ್ಕ್ರಿಪ್ಟಿನ ಮೊದಲ ಪ್ರಶ್ನೆ: ಬಿಸಿಬೇಳೆಬಾತ್ ಎಂಬ ಫಂಕ್ಷನ್ ಇದೆಯಾ? ಇದೆ ಎಂದರೆ ಅಲ್ಲೇ ನಿಲ್ಲಿಸು, ಕಂಪೈಲರ್ ಸುಳ್ಳು ಹೇಳುತ್ತಿದೆ. ಎರಡನೇ ಪ್ರಶ್ನೆ ತಿರುಗುಮುರುಗು: ಎಲ್ಲ ಕಡೆ ಇದ್ದೇ ಇರುವ ಒಂದು ಫಂಕ್ಷನ್ "ಇಲ್ಲ" ಎಂದರೂ ನಿಲ್ಲಿಸು.

ಎರಡನೆಯದಕ್ಕೇ ಜಾಸ್ತಿ ನಕ್ಕರು. 2024ರಲ್ಲಿ ಜಿಸಿಸಿ ಕಂಪೈಲರಿನ 14ನೇ ಆವೃತ್ತಿ ಬಂತು. ಹೆಡರ್ ಇಲ್ಲದೆ ಫಂಕ್ಷನ್ ಕರೆದರೆ ಬರುತ್ತಿದ್ದ ವಾರ್ನಿಂಗ್ ಈಗ ಎರರ್ ಆಯಿತು. ನನ್ನ ತುಣುಕುಗಳಲ್ಲಿ ಎಕ್ಸಿಟ್ ಕರೆದಿದ್ದೆ, ಹೆಡರ್ ಹಾಕಿರಲಿಲ್ಲ. ಎಲ್ಲವೂ ಸದ್ದಿಲ್ಲದೆ "ಇಲ್ಲ" ಆಗುತ್ತಿದ್ದವು. ಎರಡನೇ ಪ್ರಶ್ನೆಯಲ್ಲೇ ನಿಂತಿತು, ಅರ್ಧ ಗಂಟೆಯಲ್ಲಿ ಸರಿಮಾಡಿದೆ. ಅದೇ ವರ್ಷ ಮಾರ್ಚ್‌ನಲ್ಲಿ ಫೈಲ್ ಕುಗ್ಗಿಸುವ ಎಕ್ಸ್‌ಝಡ್ ಸಾಧನದಲ್ಲಿ ಗುಟ್ಟಾಗಿ ಸೇರಿಸಿದ್ದ ಹಿಂಬಾಗಿಲಿನ ಗಲಾಟೆ ನೆನಪಿದೆಯಲ್ಲ? ಅಲ್ಲಿ ಸಿಮೇಕ್ ಟೆಸ್ಟ್ ತುಣುಕಿನಲ್ಲಿ ಬೇಕೆಂದೇ ಒಂದು ಚುಕ್ಕಿ ಇಟ್ಟಿದ್ದರು. ಕಂಪೈಲ್ ಆಗದೆ ಲ್ಯಾಂಡ್‌ಲಾಕ್ ಎಂಬ ಲಿನಕ್ಸ್ ಭದ್ರತಾ ಸೌಲಭ್ಯ "ಇಲ್ಲ" ಆಯಿತು. ಒಂದೇ ಒಂದು ಚುಕ್ಕಿ.

 45 ಪ್ರಶ್ನೆಯನ್ನು ಎರಡು ಕಂಪೈಲಿನಲ್ಲಿ ಮುಗಿಸುವ ಒಂದು ಉಪಾಯವೂ ಇದೆ. ಅದನ್ನು ಹೇಳಲ್ಲ, ಮುಂದಿನ ಕೊಟೇಶನ್ ಅದರ ಮೇಲೇ ನಿಂತಿದೆ.

ಆರನೆಯದು ಆಲ್ಪೈನ್ ಲಿನಕ್ಸ್, ಅದರ ಸಿ ಲೈಬ್ರರಿ ಮಸಲ್. ಮಸಲ್‌ಗೆ ಯಾವ ಇಫ್‌ಡೆಫ್ ಹಾಕುತ್ತೀಯ ಎಂದು ಗೆಳೆಯ ಕೇಳಿದ್ದ. ಮಸಲ್ ತನ್ನ ಹೆಸರು ಹೇಳುವ ಮ್ಯಾಕ್ರೋವನ್ನೇ ಇಟ್ಟುಕೊಂಡಿಲ್ಲ, ಬೇಕೆಂದೇ. ನಮ್ಮ ಸ್ಕ್ರಿಪ್ಟ್ ಅದರ ಹೆಸರು ಕೇಳಲೇ ಇಲ್ಲ. ಬ್ಯಾಕ್‌ಟ್ರೇಸ್ ಹೆಡರ್ ಇಲ್ಲ ಎಂದು ಬರೆದುಕೊಂಡು ಮುಂದೆ ಹೋಯಿತು. ಬಿಲ್ಡ್ ಆಯಿತು, ಓಡಿತು, ಹತ್ತು ನಿಮಿಷಕ್ಕೆ ಬಿತ್ತು! ನಾವೇನೂ ಹೇಳದಿದ್ದರೆ ಅಲ್ಲಿ ಥ್ರೆಡ್ಡಿಗೆ (ಪ್ರೋಗ್ರಾಂ ಒಳಗೆ ಜೊತೆಯಲ್ಲೇ ಓಡುವ ಎಳೆ) ಸಿಗುವ ಸ್ಟ್ಯಾಕ್ (ತಾತ್ಕಾಲಿಕ ಜಾಗ) 128 ಕೆಬಿ, ನಮ್ಮ ಒಂದು ಲೋಕಲ್ ಬಫರೇ 256 ಕೆಬಿ. ಇಂಥದ್ದನ್ನು ಯಾವ ಕಾನ್ಫಿಗರೂ ಹಿಡಿಯಲ್ಲ. ಥ್ರೆಡ್ ಹುಟ್ಟಿಸುವಲ್ಲೇ ಸ್ಟ್ಯಾಕ್ ಅಳತೆ ಬರೆದೆ. ಊಟಕ್ಕೆ ಮುಂಚೆ ಶುರು ಮಾಡಿದ್ದು ಸಂಜೆ ಕಾಫಿ ಹೊತ್ತಿಗೆ ಮುಗಿದಿತ್ತು.

ಗ್ರಾಹಕರು ಇದಕ್ಕೆ ಮೂರು ವಾರ ಇಟ್ಟಿದ್ದರು. ಬಿಲ್ಲಿನಲ್ಲಿ ಎಷ್ಟು ದಿನ ಬರೆದೆ ಅಂತ ಮಾತ್ರ ಕೇಳಬೇಡಿ.